ಬಳ್ಳೊಳ್ಳಿ ವಾಸನೆಯ ಸ್ಟ್ಯಾಂಪ್ ಪ್ಯಾಡು

ಇಸ್ಮಾಯಿಲಸಾಬ ಮಾಸ್ತರರಿಗೆ ಲಕ್ಷ್ಮೇಶ್ವರದ ತಾಯಂದಿರ ಮೇಲೆ ಒಂದೇ ಒಂದು ತಕರಾರಿತ್ತು. ಅವರೆಲ್ಲ ವಿಪರೀತ ಬಳ್ಳೊಳ್ಳಿ ಬಳಸುತ್ತಾರೆ. ಇದನ್ನು ಮಾಸ್ತರರು ಯಾರ ಮನೆಯಲ್ಲೂ ಉಂಡು ಕಂಡುಕೊಂಡದ್ದಲ್ಲ. ತಮ್ಮದೇ ಸ್ಟ್ಯಾಂಪ್ ಪ್ಯಾಡನ್ನು ಮೂಸಿ ಕಂಡುಕೊಂಡದ್ದು.

ಮರ್ಯಾದಸ್ಥರಾದ ನಿವೃತ್ತ ಹೆಡ್ ಮಾಸ್ತರರಿಗೆ ಸ್ಟ್ಯಾಂಪ್ ಪ್ಯಾಡು ಮೂಸುವ ಚಟ ಹೇಗೆ ಅಂಟಿತು ಎಂದು ನೀವು ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದಕ್ಕೆ, ಎಪ್ಪತ್ತೆಂಟನೆಯ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ ಹೋಗಬೇಕು. ಆಗ ಮಾಸ್ತರರಿಗೆ ಐವತ್ತೈದು ತುಂಬಿತು, ಸರ್ಕಾರ ಸಾಕು ಎಂದಿತು. ಬೀಳ್ಕೊಡುವ ಸಭೆಯಲ್ಲಿ ಜತೆಯ ಶಿಕ್ಷಕರು ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು "ಇನ್ನ ಆರಾಮ ಪೇಪರ ಓದ್ರಿ" ಎಂದು ಒಂದು ಭೂತಗನ್ನಡಿ ಕೊಟ್ಟರು. ಮಾಸ್ತರರು ಭಾಷಣದಲ್ಲಿ ಎರಡು ಮಾತು ಹೇಳಿದರು. ಒಂದು, ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ತಾವು ಒಂದೇ ಒಂದು ಸುಳ್ಳು ಹಾಜರಿ ಹಾಕಿಲ್ಲ. ಎರಡು, ಓದು ಬಾರದ ಹೆಂಡತಿಗೆ ಅಕ್ಷರ ಕಲಿಸಿದ್ದಾರೆ.

ಎರಡೂ ಖರೆ. ಮೊದಲನೆಯದಕ್ಕಾಗಿ, ಶಾಲೆಗೆ ಬಾರದ ಒಂಬತ್ತು ಹುಡುಗರನ್ನು ಬಂದಿದ್ದಾರೆಂದು ಬರೆಯಲು ಒಲ್ಲೆನೆಂದು, ಅವರು ಶಿಕ್ಷೆಯ ವರ್ಗಾವಣೆಯ ಮೇಲೆ ಮೂರು ವರ್ಷ ಬೆಳ್ಳಟ್ಟಿಯಲ್ಲಿ ಇದ್ದು ಬಂದಿದ್ದರು. ಎರಡನೆಯದಕ್ಕಾಗಿ ಒಂದು ಪಾಟಿ ಮತ್ತು ಹದಿನಾಲ್ಕು ಸಂಜೆ ಖರ್ಚು ಮಾಡಿದ್ದರು. (ಮುಂದಿನದನ್ನು ದಿಲಶಾದಬಿ ಸಕ್ಕರೆ, ಬೇಳೆ ಕಟ್ಟಿಕೊಂಡು ಬರುತ್ತಿದ್ದ ಪೇಪರಿನ ತುಂಡುಗಳಲ್ಲಿ ತಾನೇ ಓದಿ ಕಲಿತಳು. ಭಾಷಣ ಉದ್ದವಾಗುತ್ತದೆಂದು ಮಾಸ್ತರರು ಅದನ್ನು ಬಿಟ್ಟರು.)

ನಿವೃತ್ತರಾದ ಮೇಲೆ ನಾಲ್ಕು ದಿನ ಮಾಸ್ತರರು ಪಡಸಾಲೆಯಲ್ಲಿ ಕುಳಿತು ಭೂತಗನ್ನಡಿಯಿಂದ ಪೇಪರು ಓದಿದರು, ಇರುವೆ ನೋಡಿದರು, ಅಂಗೈ ನೋಡಿಕೊಂಡರು. ಐದನೆಯ ದಿನ ಕಣ್ಣು ಎದುರಿನ ಕಟ್ಟೆಯ ಮೇಲೆ ಬಿತ್ತು. ಅಲ್ಲಿ ಎಸೆಸೆಲ್ಸಿಯಲ್ಲಿ ಒಂದು, ಎರಡು, ಕೆಲವರು ಮೂರು ಸಲ ಕೂತು ಎದ್ದ ಉಡಾಳ ಹುಡುಗರ ದಂಡು ಬೆಳಗಿನಿಂದ ಸಂಜೆಯ ತನಕ ನೆರಳಿನ ಜತೆಗೆ ಸರಿಯುತ್ತ ಕುಳಿತಿರುತ್ತಿತ್ತು.

"ದಿಲಶಾದ, ಇವರಿಗೆ ಪುಕ್ಕಟೆ ಪಾಠಾ ಹೇಳಬೇಕಂತ ಮಾಡೇನಿ. ಗಣಿತ, ಇಂಗ್ಲೀಷು. ಮತ್ತೇನು ಕಲಸಬೇಕಂತೀ?"

ದಿಲಶಾದಬಿ ಬಾವಿಯಿಂದ ಮೂರನೆಯ ಕೊಡ ಹೊತ್ತು ಒಳಗೆ ಹೋಗುತ್ತಿದ್ದಳು. ನಿಲ್ಲದೆ ಹೇಳಿದಳು: "ಅವ್ವಗ ಒಂದ ಕೊಡ ನೀರ ತಂದಕೊಡೂದ ಕಲಸ್ರಿ. ಆ ವಿಷಯದಾಗ ಊರಿಗೂರ ನಪಾಸ ಐತಿ."

ಮಾಸ್ತರರು ನಕ್ಕರು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದು ಅವರದೇ ವಿಚಾರವಾಗಿತ್ತು, ಅದಕ್ಕೊಂದು ಹೆಸರೂ ಹುಟ್ಟಿತ್ತು: ಮಾತೃಸೇವಾ ಯುವಕ ವರ್ಗ.

ನಿಯಮ ಸರಳ. ಸಂಜೆ ನಾಲ್ಕೂವರೆಗೆ ಮಾಸ್ತರರ ಪಡಸಾಲೆಯಲ್ಲಿ ಪಾಠ. ಫೀ ಇಲ್ಲ. ಆದರೆ ಪ್ರತಿಯೊಬ್ಬ ಯುವಕನೂ ದಿನಕ್ಕೊಂದು ಮನೆಗೆಲಸ ಮಾಡಬೇಕು. ಅದನ್ನು ಮಾತೃಸೇವಾ ಪುಸ್ತಿಕೆಯಲ್ಲಿ ಬರೆದು, 'ತಾಯಿಯ ಸಹಿ ಅಥವಾ ಹೆಬ್ಬೆಟ್ಟು' ಎಂಬ ಕಾಲಮಿನಲ್ಲಿ ಗುರುತು ಹಾಕಿಸಿ ತರಬೇಕು. ಗುರುತಿಲ್ಲದವನಿಗೆ ಪಾಠವಿಲ್ಲ. ಪುಸ್ತಿಕೆಗಳನ್ನು ಹೊಲಿದುಕೊಟ್ಟವರು ಮಾಸ್ತರರ ಗೆಳೆಯ, ಅವರಿಗಿಂತ ಎರಡು ವರ್ಷ ಮೊದಲೇ ನಿವೃತ್ತರಾಗಿದ್ದ ಡ್ರಾಯಿಂಗ್ ಮಾಸ್ತರ ಮುದಕಪ್ಪ. ಹೆಬ್ಬೆಟ್ಟಿನವರಿಗೆಂದು ಮಾಸ್ತರರು ತಮ್ಮ ಸ್ಟ್ಯಾಂಪ್ ಪ್ಯಾಡನ್ನೂ ಹುಡುಗರ ಕೈಗೆ ಕೊಟ್ಟರು. ಸರದಿಯ ಮೇಲೆ ಒಯ್ಯಬೇಕು, ಸಂಜೆಗೆ ತಂದು ಇಡಬೇಕು.

ಮೊದಲ ವಾರ ಪಡಸಾಲೆ ಭಣಭಣ. ಬಂದವರು ಮೂವರು, ಅವರ ಪುಸ್ತಿಕೆಯಲ್ಲೂ ಗುರುತಿಲ್ಲ. ಮಾಸ್ತರರು ಮೂವರನ್ನೂ ವಾಪಸು ಕಳಿಸಿ ಖಾಲಿ ಪಡಸಾಲೆಗೆ ಬೀಜಗಣಿತ ಹೇಳಿದರು. ಎರಡನೆಯ ವಾರ ಅದೇನು ಪವಾಡವೋ, ಇಪ್ಪತ್ತಾರಕ್ಕೆ ಇಪ್ಪತ್ತಾರು ಜನ ಹಾಜರು, ಇಪ್ಪತ್ತಾರು ಹೆಬ್ಬೆಟ್ಟು ಹಾಜರು. ಅಲ್ಲಿಂದ ಒಂದು ದಿನವೂ ತಪ್ಪಲಿಲ್ಲ. ಪ್ಯಾಡು ಮಾತ್ರ ಸಂಜೆ ಬರುವಾಗ ಬಳ್ಳೊಳ್ಳಿ ಘಮಘಮಿಸುತ್ತಿತ್ತು.

ಇನ್ನೊಂದು ಸಂಗತಿ ಮಾಸ್ತರರನ್ನು ಕಾಡತೊಡಗಿತು. ಇಪ್ಪತ್ತಾರು ತಾಯಂದಿರಲ್ಲಿ ಒಬ್ಬಳಿಗೂ ಸಹಿ ಬಾರದು! ಎಲ್ಲವೂ ಹೆಬ್ಬೆಟ್ಟು! ಅವರು ಕಣ್ಣು ಒದ್ದೆ ಮಾಡಿಕೊಂಡು ಗದಗಿನ ವಯಸ್ಕರ ಶಿಕ್ಷಣದ ಕಚೇರಿಗೆ ನಾಲ್ಕು ಪುಟದ ಪತ್ರ ಬರೆದರು. ನಲವತ್ತು ದಿನಗಳಲ್ಲಿ ಯುವಕರು ಒಂದು ಸಾವಿರದ ನಲವತ್ತು ಗೃಹಕೃತ್ಯಗಳನ್ನು ಮಾಡಿದ್ದಾರೆಂದೂ, ಈ ಭಾಗದ ಮಾತೆಯರು ನೂರಕ್ಕೆ ನೂರು ನಿರಕ್ಷರಿಗಳೆಂದೂ, ತಾವು ಖುದ್ದು ಪರಿಶೀಲಿಸಿರುವುದಾಗಿಯೂ ಬರೆದು, ಕೆಳಗೆ ಪೂರ್ತಿ ಸಹಿ ಹಾಕಿದರು. ಲೆಕ್ಕ ಹಾಗೇ ಇರಲೆಂದು ಅಧಿಕಾರಿಗಳು ನೋಡುವ ತನಕ ಪುಸ್ತಿಕೆಗಳಿಗೆ ರಜೆ ಕೊಟ್ಟರು. ಉತ್ತರ ಬಂತು. 'ರವಿವಾರ ಬೆಳಿಗ್ಗೆ ಖುದ್ದು ಬಂದು ಪುಸ್ತಿಕೆಗಳನ್ನು ನೋಡುತ್ತೇವೆ. ಅಧಿಕಾರಿ.'

ಮನೆಯಲ್ಲೂ ಏನೋ ಬದಲಾಗಿತ್ತು. ಹಿತ್ತಾಳೆಯ ಕೊಡಗಳು ಮದುವೆ ಮನೆಯವಂತೆ ಹೊಳೆಯುತ್ತಿದ್ದವು. ಚಹಾ ಕೇಳುವ ಮುಂಚೆ ಬರುತ್ತಿತ್ತು. ದಿಲಶಾದಬಿಯ ಮುಖ ಅರಳಿ, ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು. ತಾವು ದಿನವಿಡೀ ಮನೆಯಲ್ಲಿರುವುದರ ಸತ್ಪರಿಣಾಮ ಇದು ಎಂದು ಮಾಸ್ತರರು ತಿಳಿದರು. ಅವರ ಕೋಟಿನ ಕಿಸೆಯಲ್ಲಿ ಉಳಿದಿದ್ದ ಸೀಮೆಸುಣ್ಣದ ತುಂಡುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದುದು ಮಾತ್ರ ಬಗೆಹರಿಯಲಿಲ್ಲ. ಬೆಳಗಿನ ಹೊತ್ತು ಅವರು ಪಡಸಾಲೆಯಲ್ಲಿ ಪೇಪರು ಹಿಡಿದಾಗ ಒಳಗಿನಿಂದ ಭಾಂಡೆಯ ಸದ್ದು, ಕಸಬರಿಗೆಯ ಸದ್ದು, ಒರಳಿನ ಸದ್ದು ಬರುತ್ತಿದ್ದವು. ಮಾಸ್ತರರು ತಿರುಗಿ ನೋಡುತ್ತಿರಲಿಲ್ಲ. ಭಾಂಡೆ ಸದ್ದಾಯಿತೆಂದರೆ ಅದು ದಿಲಶಾದಬಿ. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ತಿಳಿಯದೆ?

ಶುಕ್ರವಾರ ಇಸ್ಮಾಯಿಲಸಾಬ ಮಾಸ್ತರರು ಜುಮ್ಮಾ ನಮಾಜು ಮುಗಿಸಿ ಬಂದಾಗ ಪಡಸಾಲೆಯಲ್ಲಿ ಮುದಕಪ್ಪ ಮಾಸ್ತರರು ಪುಸ್ತಿಕೆಗಳನ್ನು ಹರವಿಕೊಂಡು, ಭೂತಗನ್ನಡಿ ಹಿಡಿದು, ಮೂಗು ಕಾಗದಕ್ಕೆ ಹಚ್ಚಿ ಕುಳಿತಿದ್ದರು.

"ಇಸ್ಮಾಯಿಲಸಾಬರ, ಯಮನೂರಪ್ಪನ ಅವ್ವನ ಬೆಟ್ಟು ನೋಡ್ರಿ. ನಡುವ ಓರೆಯಾಗಿ ಒಂದ ಬಿಳೀ ಗೆರಿ, ತುದಿಗೆ ಕುಡಗೋಲಿನಂಗ ಕೊಂಕು."

"ಹೌದು. ಏನೋ ಕೊಯ್ದಿದ್ದ ಕಲಿ."

"ಈಗ ಮಾಶಾಕನ ಅವ್ವಂದು."

ಓರೆ ಗೆರೆ. ತುದಿಗೆ ಕೊಂಕು.

"ಸಕ್ರಪ್ಪನ ಅವ್ವಂದು."

ಗೆರೆ. ಕೊಂಕು.

ಮಾಸ್ತರರು ಇಪ್ಪತ್ತಾರೂ ಪುಸ್ತಿಕೆಗಳನ್ನು ನೋಡಿ ಮುಗಿಸಿದರು. ಒಂದು ಸಾವಿರದ ನಲವತ್ತು ಹೆಬ್ಬೆಟ್ಟುಗಳು, ಎಲ್ಲವೂ ಒಂದೇ ಬೆರಳಿನವು!

"ಮೂವತ್ತನಾಕ ವರ್ಷ ಒಂದ ಸುಳ್ಳ ಹಾಜರಿ ಹಾಕಿಲ್ಲ ಮುದಕಪ್ಪ ಮಾಸ್ತರ್ರ. ಈಗ ಸಾವಿರದ ನಲವತ್ತು ಹಾಕಿ, ಪರಿಶೀಲಿಸೇನಿ ಅಂತ ಸಹೀನೂ ಮಾಡೇನಿ. ನಾಡಿದ್ದ ಸಾಹೇಬ್ರು ಬರ್ತಾರ!"

"ಗದಗಿಗೆ ಒಂದ ತಾರ ಕೊಡೋಣ. ನಿಮಗ ಜ್ವರ ಬಂದೈತಿ ಅಂತ."

"ಅದೂ ಸುಳ್ಳ ಅಲ್ಲೇನ್ರಿ? ಮೊದಲ ಆ ಬೆಟ್ಟು ಯಾರದು ಅಂತ ಹುಡುಕೂಣ ನಡೀರಿ. ಗುರುತು ಐತಲ್ಲ, ಹುಡುಕೂದೇನ ದೊಡ್ಡದು?"

ಹೀಗೆ ಇಬ್ಬರು ನಿವೃತ್ತ ಶಿಕ್ಷಕರು ಒಂದು ಭೂತಗನ್ನಡಿ ಹಿಡಿದು ಊರ ಹೆಂಗಸರ ಹೆಬ್ಬೆಟ್ಟು ನೋಡಲು ಹೊರಟರು.

ಮೊದಲು ಯಮನೂರಪ್ಪನ ಮನೆ. ಅವನ ತಾಯಿ ಮಂಜವ್ವ ಜೋಳ ಹಸನು ಮಾಡುತ್ತಿದ್ದವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ ಸರ್ರ, ಕುಂಡ್ರಿ. ಏನ ಬಂದದ್ದು?"

"ಏನಿಲ್ಲ ಮಂಜವ್ವ, ಒಂದೀಟ ನಿನ್ನ ಹೆಬ್ಬೆಟ್ಟ ಒತ್ತಬೇಕಾಗೇತಿ."

"ಹೆಬ್ಬೆಟ್ಟ ಯಾಕ್ರಿ? ನಾ ಸಹೀನ ಮಾಡ್ತೀನಲ್ಲ! ನಿಮ್ಮ ಕೈಯಾಗ ನಾಲ್ಕನೇತ್ತ ಪಾಸಾದಾಕಿ, ಮರತೀರೇನ್ರಿ? ಶುದ್ಧ ಬರಹದಾಗ ಮೊದಲನೇ ನಂಬರ ಕೊಟ್ಟಿದ್ರಿ."

ಮುದಕಪ್ಪ ಮಾಸ್ತರರು ಜಂತಿ ನೋಡತೊಡಗಿದರು. ಮಂಜವ್ವ ಅಲ್ಲೇ ಇದ್ದ ಕ್ಯಾಲೆಂಡರಿನ ಹಿಂದೆ, ಮೊದಲ ನಂಬರಿಗೆ ತಕ್ಕ ದುಂಡು ಅಕ್ಷರದಲ್ಲಿ, ಹೆಸರು ಬರೆದು ತೋರಿಸಿದಳು. ನೂರಕ್ಕೆ ನೂರು ನಿರಕ್ಷರಿಗಳಲ್ಲಿ ಒಬ್ಬಳು ಹೀಗೆ ಕಡಿಮೆಯಾದಳು.

"ಯಮನೂರಪ್ಪ ಮನ್ಯಾಗ ಕೆಲಸಾ ಮಾಡ್ತಾನೇನವಾ?" ಮಾಸ್ತರರ ದನಿ ಸಣ್ಣದಾಗಿತ್ತು.

"ಮೊದಲ ಒಂದ ದಿನ ಕಸಬರಿಗಿ ಹಿಡಕೊಂಡ ಬಂದಿದ್ದ. ನಾನ ಬೈದ ಹೊರಗ ಹಾಕಿದೆ. ಗಂಡ ಹುಡುಗ ಕಸಾ ಬಳದ್ರ ಓಣ್ಯಾಗ ಮಂದಿ ನನಗ ಏನಂದಾರು? ಆದ್ರ ಇತ್ತೀಚಿಗೆ ಅದ್ಯಾವ ದೆವ್ವ ಹೊಕ್ಕೈತೋ ಸರ್ರ, ನನ್ನ ಕೈಯಾಂದು ಈಳಿಗಿ ಕಸಗೊಂಡು ಉಳ್ಳಾಗಡ್ಡಿ ಹೆಚ್ಚತಾನ. ನನಗಿಂತ ಸಣ್ಣಗ! ಎಲ್ಲಿ ಕಲತಾನೋ ಖಬರಿಲ್ಲ."

ಎರಡನೆಯದು ಸಕ್ರಪ್ಪನ ಮನೆ. ಅವನ ತಾಯಿ ಹನಮವ್ವ 'ಹೆಬ್ಬೆಟ್ಟು' ಎಂಬ ಮಾತು ಕೇಳಿದ್ದೇ ಬಾಗಿಲು ಹಾಕಿಕೊಂಡಳು.

"ಒತ್ತೂದಿಲ್ಲ ಹೋಗ್ರಿ! ಎರಡ ವರ್ಷದ ಹಿಂದ ಹಿಂಗ ಮಾಸ್ತರ್ರ ಬಂದು ಹೆಸರ ಬರಕೊಂಡ ಹೋಗಿದ್ರು. ಎಂಟ ದಿನಕ್ಕ ಮಕ್ಕಳಾಗದಂಗ ಆಪರೇಸನ್ ಮಾಡಾಕ ಜೀಪ ಬಂದ ನಿಂತಿತ್ತು. ನನಗ ಈಗ ಐವತ್ತು, ಇನ್ನೇನ ಆಪರೇಸನ್ ಮಾಡ್ತೀರಿ?"

ಮೂರನೆಯದು ಮಾಶಾಕನ ಮನೆ. ಅವನ ತಾಯಿ ಗುಲಾಬಬಿ ಹೆದರುವವಳಲ್ಲ. ತಾನು ಮುಂದೆ ಬಂದದ್ದಲ್ಲದೆ ನಾದಿನಿ, ಸೊಸೆ, ಪಕ್ಕದ ಮನೆಯ ಇಬ್ಬರನ್ನೂ ಕರೆದು ಸಾಲಾಗಿ ಕೈ ಚಾಚಿಸಿದಳು. ಮಾಸ್ತರರು ಭೂತಗನ್ನಡಿ ಹಿಡಿದು ಬಗ್ಗಿದರು. ಬಗ್ಗಿದವರು ಬಗ್ಗಿಯೇ ಉಳಿದರು. ಒಂದು ಬೆರಳಿಗೆ ಅಡ್ಡ ಗಾಯ, ಒಂದಕ್ಕೆ ಉದ್ದ ಗಾಯ, ಒಂದು ಸುಟ್ಟು ನುಣುಪಾದದ್ದು, ಒಂದು ಸೂಜಿಯಿಂದ ತೂತಾದದ್ದು, ಒಂದರ ಉಗುರು ಒರಳಿಗೆ ಸಿಕ್ಕು ಸೀಳಿದ್ದು. ಗಾಯವಿಲ್ಲದ ಹೆಬ್ಬೆರಳು ಒಂದೂ ಇಲ್ಲ. ಕುಡುಗೋಲಿನ ಕೊಂಕಿನದೂ ಇಲ್ಲ.

"ಇದೇನವಾ, ಎಲ್ಲಾರಿಗೂ ಪೆಟ್ಟಾಗೈತಿ!"

"ಇವು ಈಳಿಗಿ ಹಿಡಿಯೂ ಕೈರಿ, ಸೀಮಿಸುಣ್ಣಾ ಹಿಡಿಯೂ ಕೈ ಅಲ್ಲ," ಗುಲಾಬಬಿ ನಕ್ಕಳು. "ಊರ ಮಂದೀದೆಲ್ಲ ನೋಡಾಕ ಹೊಂಟೀರಿ. ದಿಲಶಾದಂದು ನೋಡೀರೇನು?"

ಅದನ್ನು ಚೇಷ್ಟೆಯೆಂದು ತಿಳಿದು ಮಾಸ್ತರರು ಬೇಗ ಬೇಗ ಹೊರಬಿದ್ದರು. ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಇಸ್ಮಾಯಿಲಸಾಬ ಮಾಸ್ತರರು ಕೈ ನೋಡಿ ಭವಿಷ್ಯ ಹೇಳುತ್ತಾರಂತೆ ಎಂದು ಇಬ್ಬರು ಹೆಂಗಸರು, ಮಗಳ ಮದುವೆ ಯಾವಾಗ ಕೂಡಿಬರುತ್ತದೆ ಎಂದು ಕೇಳಲು, ಕಟ್ಟೆಯ ಮೇಲೆ ಕಾದು ಕುಳಿತಿದ್ದರು.

ಅವರನ್ನು ಸಾಗಹಾಕಿ, ದೀಪ ಹಚ್ಚುವ ಹೊತ್ತಿಗೆ ಮಾಸ್ತರರು ಪಡಸಾಲೆಯಲ್ಲಿ ತಾಟಿನ ಮುಂದೆ ಕುಳಿತರು. ಹಸಿವಿರಲಿಲ್ಲ. ಆದರೆ ಅಂದು ಜೋಳದ ಕಡಬು, ಹಿಟ್ಟಿನ ಪುಟ್ಟ ಉಂಡೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ, ಬಳ್ಳೊಳ್ಳಿ ಒಗ್ಗರಣೆಯ ಬೇಳೆಯಲ್ಲಿ ಕುದಿಸಿದ್ದು. ಮಾಸ್ತರರಿಗೆ ಬಲು ಪ್ರಿಯವಾದದ್ದು. ಒಂದನ್ನು ಎತ್ತಿ ಬಾಯಿಗೆ ಒಯ್ಯುವಾಗ ಬಳ್ಳೊಳ್ಳಿ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು.

ಅವರು ಕಡಬನ್ನು ದೀಪದ ಹತ್ತಿರ ತಂದರು. ನಡುವಿನ ತಗ್ಗಿನಲ್ಲಿ ಓರೆಯಾಗಿ ಎದ್ದ ಒಂದು ಸಣ್ಣ ಏಣು. ಎಡಗೈಯಿಂದ ಕಿಸೆಯಲ್ಲಿದ್ದ ಭೂತಗನ್ನಡಿ ತೆಗೆದರು. ಏಣಿನ ತುದಿಗೆ ಕುಡುಗೋಲಿನಂಥ ಕೊಂಕು. ಇನ್ನೊಂದು ಕಡಬು ತೆಗೆದರು. ಕೊಂಕು. ಇನ್ನೊಂದು. ತಾಟಿನ ತುಂಬ ಹದಿನೆಂಟು ಹೆಬ್ಬೆಟ್ಟುಗಳು ಬೇಳೆಯಲ್ಲಿ ತೇಲುತ್ತಿದ್ದವು.

"ಏನ ಬಿದ್ದೈತ್ರಿ? ಹುಳಾನ?" ಎಂದು ದಿಲಶಾದಬಿ ಕೇಳಿದಳು.

"ನಿನ್ನ ಬೆಟ್ಟ ತೋರಸು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಲಗೈ ಚಾಚಿದಳು. ಗೆರೆ, ಕೊಂಕು, ಉಗುರಿನ ಮೂಲೆಯಲ್ಲಿ ನೀಲಿ ಶಾಯಿ.

"ಇದ ಯಾವಾಗ ಆತು?"

"ಅಖ್ತರಿ ಹೊಟ್ಯಾಗಿದ್ದಾಗ. ಇಪ್ಪತ್ತೊಂಬತ್ತ ವರ್ಷಾತು. ಅಷ್ಟೂ ವರ್ಷ ಇದ ಬೆಟ್ಟಿಲೇ ಒತ್ತಿದ ಕಡಬ ತಿಂದೀರಿ." ಆಮೇಲೆ ಮೆಲ್ಲಗೆ, "ಇವತ್ತ ಗುರುತ ಸಿಕ್ಕಿತಲ್ಲ, ಬೇಶಾತು" ಎಂದಳು.

ಮಾಸ್ತರರು ಸಿಟ್ಟು ಮಾಡಬೇಕೆಂದರು. ತಾಟಿನಲ್ಲಿ ಅಷ್ಟೊಂದು ಪುರಾವೆ ಇರುವಾಗ ಸಿಟ್ಟು ಸರಿಯಾಗಿ ಏರಲಿಲ್ಲ.

"ನಿನಗ ಸಹಿ ಬರತೈತಿ! ನಾನ ಕಲಸೇನಿ! ಹೆಬ್ಬೆಟ್ಟ ಯಾಕ ಒತ್ತಿದಿ?"

"ಸಹಿ ಮಾಡಿದ್ರ ನೀವ ಗುರುತ ಹಿಡೀತಿದ್ರಿ. ಅಕ್ಷರಾ ನೀವ ಕಲಿಸಿದ್ದು, ಅದನ್ನ ಛಲೋ ನೋಡೀರಿ. ಬೆಟ್ಟ ನೋಡಿಲ್ಲಂತ ಗೊತ್ತಿತ್ತು."

"ಕಾಲಮಿನ್ಯಾಗ ತಾಯಿ ಅಂತ ಬರದೈತಿ. ನೀ ಅವರ ತಾಯೇನು?"

"ತಾಯಿ ಅಂತಷ್ಟ ಬರದೀರಿ. ಯಾರ ತಾಯಿ ಅಂತ ಬರದಿಲ್ಲ. ನಾ ಮುಂಡರಗಿಗೆ ಕೊಟ್ಟ ಮಗಳು ಅಖ್ತರಿ ತಾಯಿ."

ಆಮೇಲೆ ಅವಳು ಎಲ್ಲ ಹೇಳಿದಳು. ಮೊದಲ ವಾರ ಮಾಸ್ತರರು ವಾಪಸು ಕಳಿಸಿದ ಮೂವರೂ ಹಿತ್ತಲ ಬಾಗಿಲಿಗೆ ಬಂದು ಅಳುಮುಖ ಮಾಡಿಕೊಂಡು ನಿಂತಿದ್ದರು. ಕಸಬರಿಗೆ ಮುಟ್ಟಿದರೆ ಮನೆಯಲ್ಲಿ ಅವ್ವ ಬೈಯುತ್ತಾಳೆ, ಮುಟ್ಟದಿದ್ದರೆ ಇಲ್ಲಿ ಸರ್ ಬೈಯುತ್ತಾರೆ. 'ಅಮ್ಮಾರ, ನೀವರೆ ಒಂದ ಕೆಲಸಾ ಕೊಡ್ರಿ' ಎಂದರು. ಅವಳು ಕೊಟ್ಟಳು, ಬೆಟ್ಟು ಮಾತ್ರ ಮುಂದಿನ ವಾರದಿಂದ ಎಂದಳು. ಮರುದಿನ ಹನ್ನೊಂದು ಜನ ಬಂದರು. ಅದರ ಮರುದಿನ ಇಪ್ಪತ್ತಾರು. ತನ್ನ ಮನೆಯ ಕೆಲಸ ಸಾಲದೆ ಪಕ್ಕದ ಮುದುಕಿ ದೇವವ್ವನಿಗೆ ನೀರು, ಎದುರು ಮನೆ ಬಾಣಂತಿಯ ಬಟ್ಟೆ, ಓಣಿಯ ಗಟಾರ, ಹೀಗೆ ಹಂಚಿದಳು.

"ಕೆಲಸಾ ಒಂದೂ ಸುಳ್ಳಲ್ರಿ. ಸಾವಿರದ ನಲವತ್ತೂ ಖರೆ. ನಾ ನಿಂತ ಮಾಡಿಸೇನಿ. ಭಾಂಡಿಗೆ ಜಿಡ್ಡ ಉಳದ್ರ ಬೆಟ್ಟ ಒತ್ತಿಲ್ಲ."

"ಅಷ್ಟ ಹೊತ್ತ ನೀ ಏನ ಮಾಡ್ತಿದ್ದಿ?"

ದಿಲಶಾದಬಿ ಮೊದಲ ಸಲ ಸ್ವಲ್ಪ ನಾಚಿದಳು. "ಮಧ್ಯಾಹ್ನ ಮಲಗತಿದ್ದೆ. ಮಧ್ಯಾಹ್ನದ ನಿದ್ದಿ ಅಂದ್ರ ಹ್ಯಾಂಗಿರತೈತಿ ಅಂತ ಭಾಳ ವರ್ಷದಿಂದ ನೋಡಬೇಕಿತ್ತು. ನೀವೆಲ್ಲಾ ಅಷ್ಟ ಖುಷೀಲೆ ಮಾಡ್ತೀರಲ್ಲ, ಏನೈತಿ ಅದರಾಗ ಅಂತ."

"ಏನೈತಿ?"

"ಭಾಳ ಛಲೋ ಐತ್ರಿ," ಎಂದಳು ದಿಲಶಾದಬಿ ಮನಸಾರೆ.

ಶನಿವಾರ ಬೆಳಗ್ಗೆ ಪೇಪರು ಬಿಡಿಸಿ ಕುಳಿತಾಗ ಒಳಗಿನಿಂದ ಭಾಂಡೆ ಸದ್ದು ಬಂತು. ಮಾಸ್ತರರು ಎದ್ದರು, ಪಡಸಾಲೆ ದಾಟಿದರು, ಅಡಿಗೆಮನೆಯ ಹೊಸ್ತಿಲು ದಾಟಿದರು, ಹಿತ್ತಲಿಗೆ ಬಂದರು. (ಬಾಗಿಲಿಗೆ ಹಣೆ ಬಡಿಯಿತು. ಅದು ಅಷ್ಟು ಗಿಡ್ಡ ಬಾಗಿಲು ಎಂದು ಅವರಿಗೆ ಗೊತ್ತಿರಲಿಲ್ಲ.) ದಿಲಶಾದಬಿ ನುಗ್ಗೆ ಮರದ ನೆರಳಿಗೆ ಹೊರಸಿನ ಮೇಲೆ ಕುಳಿತು, ಬೆಲ್ಲ ಕಟ್ಟಿ ತಂದ ಹಳೆಯ ಪೇಪರು ಓದುತ್ತಿದ್ದಳು. ಮೂರು ಸಲ ಗಣಿತದಲ್ಲಿ ಉರುಳಿದ ಮಾಶಾಕ ಬೂದಿ ಹಚ್ಚಿ ಕೊಡ ತಿಕ್ಕುತ್ತಿದ್ದ. ಯಮನೂರಪ್ಪ ಈಳಿಗೆಯ ಮುಂದೆ ಕಣ್ಣೀರು ಸುರಿಸುತ್ತ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಇನ್ನು ಮೂವರು ಕಸಕ್ಕೆ, ಒಲೆಗೆ, ನೀರಿಗೆ ನಿಂತಿದ್ದರು.

"ಬೆಟ್ಟ ಒಳಗ ಮಡಚೊ ಲೇ, ಕೊಯ್ಕೊಂತಿ!" ಎಂದು ಮಾಶಾಕ ಅವನಿಗೆ ಗದರಿಸಿದ. "ದಿಲಶಾದ ಖಾಲಾ ನಿನ್ನೆನ ಹೇಳಿಲ್ಲೇನು?"

ಮಾಸ್ತರರನ್ನು ಕಂಡದ್ದೇ ಐದೂ ಜನ ದಡಬಡಿಸಿ ಎದ್ದು ನಿಂತು, ಕಸಬರಿಗೆ, ಸೌಟು, ನಾರು ಹಿಡಿದ ಕೈಗಳನ್ನೇ ಜೋಡಿಸಿ, "ನಮಸ್ಕಾರ ಸರ್" ಎಂದರು.

ಮಾಸ್ತರರು ಅಡಿಗೆಮನೆಗೆ ಹಿಂದಿರುಗಿದರು. ಅಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಒಲೆಯ ಹಿಂದಿನ ಗೋಡೆ ವರ್ಷಗಳ ಹೊಗೆ ಹಿಡಿದು ಶಾಲೆಯ ಕರಿಹಲಗೆಗಿಂತ ಕಪ್ಪಾಗಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ವೇಳಾಪತ್ರಿಕೆ! ಒಂದರಿಂದ ಇಪ್ಪತ್ತಾರು ಹೆಸರು, ಎದುರಿಗೆ ಕೆಲಸ, ನಲವತ್ತು ದಿನದ ಹಾಜರಿ. ಕೆಳತುದಿಗೆ ಮೊಳೆಗೆ ಜರಡಿ ತೂಗುಹಾಕಿತ್ತು. ತಮ್ಮ ಸೀಮೆಸುಣ್ಣ ಎಲ್ಲಿ ಹೋಗುತ್ತಿತ್ತು ಎಂಬುದು ಮಾಸ್ತರರಿಗೆ ತಿಳಿಯಿತು. ಕಾಲಮುಗಳು ತಮ್ಮವಕ್ಕಿಂತ ನೆಟ್ಟಗಿವೆ ಎಂಬುದೂ ತಿಳಿಯಿತು. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ.

"ನಾಳೆ ಸಾಹೇಬ್ರಿಗೆ ಏನ ಹೇಳ್ತೀರಿ?" ದಿಲಶಾದಬಿ ಬಾಗಿಲಲ್ಲಿ ನಿಂತಿದ್ದಳು. ದನಿಯಲ್ಲಿ ಅಳುಕಿತ್ತು. "ನಂದ ತಪ್ಪಂತ ಹೇಳ್ರಿ. ನಿಮ್ಮ ಹೆಸರಿಗೆ ಕಪ್ಪ ಬರೂದ ಬ್ಯಾಡ."

"ಖರೆ ಏನೈತಿ ಅದನ್ನ ಹೇಳ್ತೀನಿ," ಎಂದರು ಮಾಸ್ತರರು. "ಬೆಳ್ಳಟ್ಟಿಗಿಂತ ದೂರ ಎಲ್ಲಿ ಹಾಕ್ತಾರ? ಈಗಂತೂ ನೌಕರೀನ ಇಲ್ಲ."

ರವಿವಾರ ಹತ್ತು ಗಂಟೆಗೆ ಗದಗಿನ ಬಸ್ಸಿನಿಂದ ಸಾಹೇಬರು ಇಳಿದರು. ಹೂವಿನ ಹಾರ ಹಿಡಿದು ನಿಂತ ಮುದಕಪ್ಪ ಮಾಸ್ತರರು ಹಾರವನ್ನು ಒಬ್ಬ ಬೀಜದ ವ್ಯಾಪಾರಿಯ ಕೊರಳಿಗೆ ಹಾಕಿಬಿಟ್ಟರು. ಏಕೆಂದರೆ ಸಾಹೇಬರು ಹೆಂಗಸಾಗಿದ್ದರು: ಹತ್ತಿ ಸೀರೆ, ದಪ್ಪ ಕನ್ನಡಕ, ಬಗಲಲ್ಲಿ ಚೀಲ. ಅಧಿಕಾರಿ ಎಂಬ ಪದ ಓದಿ ಇಬ್ಬರು ಶಿಕ್ಷಕರೂ ಮೀಸೆಯನ್ನು ತಾವೇ ಕಲ್ಪಿಸಿಕೊಂಡಿದ್ದರು. ಸಾಹೇಬರು ಅಲ್ಲಿಂದ ಬಾಯಿಯವರಾದರು.

ಪಡಸಾಲೆಯಲ್ಲಿ ಯುವಕರು, ಅವರ ತಾಯಂದಿರು, ಓಣಿಯ ಮಂದಿ ಕಿಕ್ಕಿರಿದಿದ್ದರು. ಮಾಸ್ತರರು ಎದ್ದು ನಿಂತರು.

"ಬಾಯಾರ, ನಾ ಬರದ ಪತ್ರ ತಪ್ಪೈತಿ. ಪರಿಶೀಲಿಸೇನಿ ಅಂತ ಬರದಿದ್ದೆ. ಪರಿಶೀಲಿಸಿದ್ದಿಲ್ಲ. ಇವು ಇಪ್ಪತ್ತಾರ ತಾಯಂದಿರ ಹೆಬ್ಬೆಟ್ಟಲ್ಲ. ಎಲ್ಲಾ ನನ್ನ ಹೆಂಡ್ತಿದು. ಆಕಿಗೆ ಸಹಿ ಬರತೈತಿ. ಮಂಜವ್ವಗೂ ಬರತೈತಿ. ಕೆಲಸ ಮಾತ್ರ ಖರೇನ ಆಗೈತಿ, ಆದ್ರ ಅವರವರ ಮನ್ಯಾಗ ಅಲ್ಲ. ನಮ್ಮ ಹಿತ್ತಲದಾಗ."

ಮಂಜವ್ವ, "ಅಯ್ಯ ನನ್ನ ಹಡದವ್ವನ! ಉಳ್ಳಾಗಡ್ಡಿ ಇಲ್ಲಿ ಕಲತಾನು?" ಎಂದಳು. ಯಮನೂರಪ್ಪ ಕಂಬದ ಹಿಂದೆ ಸರಿದ.

ಬಾಯಿಯವರು ಪುಸ್ತಿಕೆ ಮುಚ್ಚಿದರು. ಕನ್ನಡಕ ಒರೆಸಿಕೊಂಡರು. "ಹಾಜರಿ ಎಲ್ಲಿ ಇಟ್ಟೀರಿ?" ಎಂದರು.

"ಅಡಗಿಮನಿ ಗ್ವಾಡಿ ಮ್ಯಾಲ್ರಿ," ಎಂದಳು ದಿಲಶಾದಬಿ, ಬಾಗಿಲ ಸಂದಿಯಿಂದ.

ಬಾಯಿಯವರು ಎದ್ದು, ಆ ಮನೆಯಲ್ಲೇ ಹುಟ್ಟಿ ಬೆಳೆದವರಂತೆ, ತಲೆ ಬಗ್ಗಿಸಿ ಅಡಿಗೆಮನೆಯ ಗಿಡ್ಡ ಬಾಗಿಲು ದಾಟಿದರು. ಹಿಂದೆ ಮಾಸ್ತರರು, ಅವರ ಹಿಂದೆ ಮುದಕಪ್ಪ ಮಾಸ್ತರರು, ಅವರ ಹಿಂದೆ ಯಾ ಅಲ್ಲಾ, ಇಡೀ ಓಣಿ. ಬಾಯಿಯವರು ಗೋಡೆಯನ್ನು ಮೇಲಿನಿಂದ ಕೆಳಗೆ ಓದಿದರು. ನೀರು, ಹಸನು, ಒರಳು, ದೇವವ್ವನ ಕಾಲಿಗೆ ಎಣ್ಣೆ. ತಲೆದೂಗಿದರು. "ಇಂಥಾ ಪಟ್ಟಿ ನಮ್ಮ ಆಫೀಸಿನ್ಯಾಗೂ ಇಲ್ಲ," ಎಂದರು. ಮಾಸ್ತರರಿಗೆ ಹೋದ ಜೀವ ಬಂತು. ತಮ್ಮ ಹೆಂಡತಿ, ತಮ್ಮ ಮನೆಯ ಗೋಡೆ, ತಮ್ಮ ಸೀಮೆಸುಣ್ಣ. ಕೀರ್ತಿಯಲ್ಲಿ ಒಂದು ಪಾಲು ಕೇಳುವುದಕ್ಕೆ ಅಡ್ಡಿಯಿಲ್ಲ ಎನ್ನಿಸಿತು. ಕೆಮ್ಮಿ, "ಅಕ್ಷರಾ ನಾನ ಕಲಿಸಿದ್ದು..." ಎಂದು ಶುರುಮಾಡಿದರು.

ಅಷ್ಟರಲ್ಲಿ ಬಾಯಿಯವರು ಕೆಳಗೆ ತೂಗುಹಾಕಿದ್ದ ಜರಡಿಯನ್ನು ಮೊಳೆಯಿಂದ ತೆಗೆದರು.

"ಈ ಇಪ್ಪತ್ತೇಳನೇ ವಿದ್ಯಾರ್ಥಿ ಯಾರ್ರಿ? ನಲವತ್ತ ದಿನದಾಗ ಒಂದ ದಿನಾನೂ ಹಾಜರಿಲ್ಲ! ಗೈರು, ಗೈರು, ಗೈರು... ಇಂಥಾವರ ಹೆಸರ ಇನ್ನೂ ಯಾಕ ತಗದಿಲ್ಲ?" ಬಗ್ಗಿ ಓದಿದರು. "ಇ... ಸ್ಮಾ... ಯಿಲ..."

ಮುದಕಪ್ಪ ಮಾಸ್ತರರು ಮತ್ತೆ ಜಂತಿ ನೋಡತೊಡಗಿದರು. ಇಪ್ಪತ್ತಾರು ಯುವಕರು ತಮ್ಮ ಕಾಲ ಬೆರಳು ಎಣಿಸತೊಡಗಿದರು. ಗುಲಾಬಬಿ ಮಾತ್ರ ಬಾಯಿಗೆ ಸೆರಗು ತುರುಕಿಕೊಂಡು ಅಲುಗುತ್ತಿದ್ದಳು.

"ಹಾಜರ್ರೀ," ಎಂದರು ಮಾಸ್ತರರು, ಕಟ್ಟಕಡೆಯ ಬೆಂಚಿನ ಹುಡುಗನ ದನಿಯಲ್ಲಿ. ಆಮೇಲೆ ಹೆಂಡತಿಯ ಕಡೆ ತಿರುಗಿ ತಗ್ಗಿದ ಸ್ವರದಲ್ಲಿ, "ನಲವತ್ತೂ ದಿನ ಗೈರ ಹಾಕೀಯಲ್ಲ? ನಾ ಪಡಸಾಲ್ಯಾಗ ಇದ್ದೆನಿಲ್ಲೋ?"

"ಪಡಸಾಲ್ಯಾಗ ಗಡಿಯಾರನೂ ಇತ್ರಿ."

"ಆತು, ಇವತ್ತಿಂದ ಬರ್ತೀನಿ. ಹಿಂದಿಂದ ಅಷ್ಟ ತಿದ್ದಿಬಿಡು."

"ತಿದ್ದೂದಿಲ್ಲ," ಎಂದಳು ದಿಲಶಾದಬಿ, ಬಾಯಿಯವರ ಎದುರಿಗೇ, ಓಣಿಯ ಎದುರಿಗೇ. "ಈ ಮನ್ಯಾಗ ಸುಳ್ಳ ಹಾಜರಿ ಹಾಕೂ ಪದ್ಧತಿ ಇಲ್ಲ."

ಆಮೇಲೆ ಅಷ್ಟೂ ಮಂದಿ ಚಹಾ ಕುಡಿದರು. ಖಾಲಿ ಕಪ್ಪು ಬಸಿಗಳು ದೊಡ್ಡ ಬುಟ್ಟಿಯಲ್ಲಿ ತುಂಬಿ ಮಾಸ್ತರರ ಕೈಗೆ ಬಂದವು. ಅವರು ಹಿತ್ತಲಿಗೆ ಹೊರಟರು, ಈ ಸಲವೂ ಹಣೆ ಬಡಿಸಿಕೊಂಡು. "ಸರ್, ಬೂದಿ ಸಣ್ಣಂದ ತಗೋರಿ, ದಪ್ಪಂದ ತಗೊಂಡ್ರ ಗೆರಿ ಬೀಳ್ತಾವು," ಎಂದು ಮಾಶಾಕ ಪಾಠ ಹೇಳುತ್ತ ಹಿಂದೆಯೇ ಓಡಿದ.

"ಒಂದೀಟ ನಿಂದ್ರಿ," ಎಂದು ದಿಲಶಾದಬಿ ಕೂಗಿದಳು.

ಮಾಸ್ತರರು ಆಸೆಯಿಂದ ತಿರುಗಿದರು. ಅವಳು ನುಗ್ಗೆ ಮರದ ಕೆಳಗೆ ಹೊರಸಿನ ಮೇಲೆ ಕುಳಿತು, ಒಂದು ಕೈಯಲ್ಲಿ ಹೊಸದಾಗಿ ಹೊಲಿದ ಪುಸ್ತಿಕೆ ಹಿಡಿದು, ಇನ್ನೊಂದು ಕೈ ಚಾಚಿದ್ದಳು.

"ಜಿಡ್ಡ ನೋಡಾಕ ಆ ಭೂತಗನ್ನಡಿ ಇಲ್ಲಿ ಕೊಟ್ಟ ಹೋಗ್ರಿ."